ಐದು ಕಿಲೋ ನೀರು

ಎರಡು ವಾರ ತೂಕದ ಮೆಷಿನ್ ಹತ್ತಬೇಡಿ ಎಂದು ಡಿಸ್ಚಾರ್ಜ್ ಚೀಟಿ ಕೊಡುವಾಗ ನರ್ಸಮ್ಮ ಹೇಳಿದ್ದರು. ಯಾರಿಗೆ ಹೇಳಿದ್ದು? ಹದಿನೇಳು ವರ್ಷದಿಂದ ವೇಬ್ರಿಡ್ಜಿನಲ್ಲಿ ಕೂತು ಲಾರಿಗಳನ್ನು ತೂಗುತ್ತಿರುವವಳಿಗೆ. ನಾನು ತಲೆಯಾಡಿಸಿದೆ. ಮನೆಗೆ ಬಂದು ಚಪ್ಪಲಿ ಬಿಟ್ಟು, ಅತ್ತೆ ಅಡುಗೆಮನೆಗೆ ಹೋದದ್ದನ್ನು ನೋಡಿಕೊಂಡು, ಬಚ್ಚಲಿನ ಬಾಗಿಲ ಹಿಂದಿದ್ದ ಮೆಷಿನ್ನನ್ನು ಕಾಲಿನಿಂದಲೇ ಎಳೆದುಕೊಂಡು ಹತ್ತಿ ನಿಂತೆ.

ನೂರಿಪ್ಪತ್ತಾರು ಪಾಯಿಂಟ್ ಎರಡು.

ಇಳಿದೆ, ಮತ್ತೆ ಹತ್ತಿದೆ. ಮೆಷಿನ್ನನ್ನು ಸಮನಾದ ನೆಲಕ್ಕೆ ಸರಿಸಿ ಮೂರನೇ ಸಲ ಹತ್ತಿದೆ. ಅದೇ. ಎರಡು ಕಿಲೋ ಸೋಪಿನ ಪುಡಿಯ ಪ್ಯಾಕೆಟ್ ಕೈಯಲ್ಲಿ ಹಿಡಿದು ಹತ್ತಿದೆ. ಸರಿಯಾಗಿ ಎರಡೇ ಏರಿತು. ಮೆಷಿನ್ ಕೆಟ್ಟಿರಲಿಲ್ಲ. ಆಪರೇಷನ್ನಿನ ದಿನ ಬೆಳಿಗ್ಗೆ ಇದೇ ಮೆಷಿನ್ನಿನ ಮೇಲೆ ನಾನು ನೂರಿಪ್ಪತ್ತೊಂದು ಪಾಯಿಂಟ್ ನಾಲ್ಕು ಇದ್ದೆ. ತೂಕ ಇಳಿಯಲೆಂದು ನನ್ನ ಹೊಟ್ಟೆಯ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆದಿದ್ದಾರೆ, ಮೂರು ದಿನದಿಂದ ಒಂದು ಅಗುಳು ಬಾಯಿಗೆ ಬಿದ್ದಿಲ್ಲ, ಆದರೂ ಹತ್ತಿರ ಹತ್ತಿರ ಐದು ಕಿಲೋ ಏರಿದ್ದೇನೆ. ಸರಕು ಇಳಿಸಿದ ಮೇಲೆ ಲಾರಿಯ ಭಾರ ಹೆಚ್ಚಾಗುವುದನ್ನು ನನ್ನ ಸರ್ವೀಸಿನಲ್ಲಿ ನಾನು ಕಂಡಿರಲಿಲ್ಲ.

ಬಚ್ಚಲಿನ ಸ್ಟೂಲಿನ ಮೇಲೆ ಕೂತು ಕಾಲು ನೋಡಿಕೊಂಡೆ. ಚಪ್ಪಲಿಯ ಪಟ್ಟಿ ಪಾದದ ಮೇಲೆ ಅಚ್ಚೊತ್ತಿತ್ತು. ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ತೆಗೆದೆ. ಬೆರಳು ಎದ್ದು ಬಂತು, ಗುಂಡಿ ಹಾಗೆಯೇ ಉಳಿಯಿತು. ಅಕ್ಕನ ಕಾಲೂ ಹೀಗೇ ಇತ್ತು.

ಅಕ್ಕನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಮಾಡಿದ ಕೆಲಸ ಬರೀ ಹುಚ್ಚು ಎನಿಸುತ್ತದೆ. ನನಗಿಂತ ಆರು ವರ್ಷ ದೊಡ್ಡವಳು. ನಾಲ್ಕನೇ ಮಹಡಿಯ ಕಚೇರಿಯೊಂದರಲ್ಲಿ ಫೈಲು ಜೋಡಿಸುವ ಕೆಲಸ ಮಾಡುತ್ತಿದ್ದಳು. ನಮ್ಮಿಬ್ಬರದೂ ಒಂದೇ ಮೈ, ಒಬ್ಬರ ಅಂಗಿ ಇನ್ನೊಬ್ಬರಿಗೆ ಆಗುತ್ತಿತ್ತು. ಕೊನೆಯ ತಿಂಗಳಲ್ಲಿ ಅವಳ ಕಾಲು ಊದಿತು, ಒತ್ತಿದರೆ ಗುಂಡಿ ಬೀಳುತ್ತಿತ್ತು. ಹೃದಯ ಸೋತಿದೆ, ಮೈಯಲ್ಲಿ ನೀರು ತುಂಬುತ್ತಿದೆ, ನೀರು ಕುಡಿಯುವುದು ಕಡಿಮೆ ಮಾಡಿ ಎಂದರು ಡಾಕ್ಟರು. ಅವಳೋ, ಕಚೇರಿಯಿಂದ ಬಂದವಳೇ ಒಂದು ಚೊಂಬು ನೀರು ಎತ್ತಿ ಗಟಗಟ ಕುಡಿದು, "ನೀರಿಗೂ ಲೆಕ್ಕ ಇಟ್ರೆ ಬದುಕಿದ್ದು ಏನು ಬಂತು" ಎಂದು ನಗುತ್ತಿದ್ದಳು. ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವಿನ ಮೆಟ್ಟಿಲ ಮೇಲೆ, ಕೈಯಲ್ಲಿ ಊಟದ ಡಬ್ಬಿ ಹಿಡಿದುಕೊಂಡೇ ಹೋಗಿಬಿಟ್ಟಳು. ಆಗ ಅವಳಿಗೆ ನಲವತ್ತೈದು. ನನಗೀಗ ನಲವತ್ತನಾಲ್ಕು.

ಅವಳ ಮೈ ನನಗಿದೆ, ನನ್ನ ಮೈ ನನ್ನ ಮಗಳಿಗೆ ಬಂದಿದೆ. ಮಗಳಿಗೆ ಹನ್ನೆರಡು ವರ್ಷ. ಹುಟ್ಟಿದಾಗಲೇ ದುಂಡಗಿದ್ದಳೆಂದು ನಾನೇ ಗುಂಡು ಎಂದು ಕರೆದೆ, ಮನೆಯವರೆಲ್ಲ ಅದನ್ನೇ ಹಿಡಿದರು. ಹೋದ ವರ್ಷ ಒಂದು ದಿನ ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ಹಿಂದಿನಿಂದ ಅವಳು ಏನೋ ಎಣಿಸುತ್ತಿದ್ದಳು. ಏನೇ ಅದು ಎಂದೆ. "ಎಷ್ಟು ಮೆಟ್ಟಿಲಿಗೆ ಒಂದ್ಸಲ ನಿಲ್ತೀಯ ಅಂತ ನೋಡ್ತಿದ್ದೆ ಅಮ್ಮ. ದೊಡ್ಡಮ್ಮ ಏಳಕ್ಕೆ ನಿಲ್ತಿದ್ರು. ನೀನು ಈಗ ಎಂಟಕ್ಕೆ ನಿಂತೆ" ಎಂದಳು. ಆ ಸಂಜೆಯೇ ನಾನು ಆಪರೇಷನ್ ಮಾಡಿಸಿಕೊಳ್ಳುತ್ತೇನೆಂದು ತೀರ್ಮಾನ ಮಾಡಿದೆ.

ನನ್ನ ಗಂಡ ಲಿಫ್ಟ್ ರಿಪೇರಿಯವರು. ಮೇಲೆ ಹೋಗಬೇಕಾ ಕೆಳಗೆ ಹೋಗಬೇಕಾ ಎಂದು ಕೇಳಿದರೂ "ನಿನ್ನಿಷ್ಟ" ಎನ್ನುವ ಮನುಷ್ಯ; ಇದಕ್ಕೂ ಅದನ್ನೇ ಹೇಳಿದರು. ಅತ್ತೆ ಹಾಗಲ್ಲ. "ಬಾಯಿ ಮುಚ್ಕೊಂಡ್ರೆ ಆಗೋ ಕೆಲಸಕ್ಕೆ ಹೊಟ್ಟೆ ಕೊಯ್ಸ್ಕೋಬೇಕಾ? ಊರಲ್ಲಿ ಇಲ್ಲದ ಹೊಸ ರಾಗ" ಎಂದು ಮೂರು ತಿಂಗಳು ಕುಟ್ಟಿದರು. ಆಮೇಲೆ ತಾರೀಕು ಗೊತ್ತಾದ ದಿನ ಒಂದು ಮಾತೂ ಆಡದೆ ನನ್ನ ಆಸ್ಪತ್ರೆಯ ಚೀಲವನ್ನು ತಾವೇ ತುಂಬಿಸಿಟ್ಟರು.

ಇಂಥ ಮನೆಯಲ್ಲಿ ಐದು ಕಿಲೋ ಏರಿದ ಸುದ್ದಿಯನ್ನು ಯಾರ ಮುಂದೆ ಹೇಳಲಿ? ಅಷ್ಟು ನೋವು, ಅಷ್ಟು ರಗಳೆ, ಎಲ್ಲಾ ನೀರಲ್ಲಿ ಹೋಮ ಮಾಡಿದ ಹಾಗಾಯಿತು ಎನ್ನಬೇಕೇ? ಆಸ್ಪತ್ರೆಗೆ ಫೋನ್ ಮಾಡಬಹುದಿತ್ತು, ನಂಬರು ಚೀಟಿಯ ಮೇಲೇ ಇತ್ತು. ಮಾಡಲಿಲ್ಲ. ಹೃದಯ ಸೋತಿದೆ ಎಂದು ಆ ಕಡೆಯಿಂದ ಯಾರಾದರೂ ಹೇಳಿಬಿಟ್ಟರೆ ಎಂಬ ಹೆದರಿಕೆಗೆ ಮಾಡಲಿಲ್ಲ. ಕೇಳದೇ ಇದ್ದರೆ ನಿಜವಾಗುವುದಿಲ್ಲ ಎಂದು ನಂಬಿಕೊಂಡೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೂ ನನಗೂ ವ್ಯತ್ಯಾಸವಿರಲಿಲ್ಲ.

ಈಗ ನನ್ನ ಕೆಲಸದ ಬಗ್ಗೆ ಎರಡು ಮಾತು. ನಮ್ಮಲ್ಲಿಗೆ ಬರುವ ಮರಳಿನ ಲಾರಿಗಳಲ್ಲಿ ನಾಲ್ಕಕ್ಕೊಂದು ಒದ್ದೆ ಮರಳಿನದು. ದಾರಿಯಲ್ಲಿ ಪೈಪು ಹಿಡಿಸಿ ನೀರು ಹೊಡೆಸಿಕೊಂಡು ಬರುತ್ತಾರೆ, ಮರಳಿನ ರೇಟಿಗೆ ನೀರು ಮಾರುವ ಪುಣ್ಯಾತ್ಮರು. ಹಿಂಬಾಗಿಲಿನ ಸಂದಿಯಿಂದ ಹನಿ ಬೀಳುವುದು ಕಂಡರೆ ಕಿಟಕಿಯಿಂದಲೇ ಕೈ ತೋರಿಸುತ್ತೇನೆ: "ಗೋಡೆ ಪಕ್ಕ ನಿಲ್ಲಿಸು. ಸೋರಲಿ, ಆಮೇಲೆ ಬಾ." ಡ್ರೈವರುಗಳು ಗೋಗರೆಯುತ್ತಾರೆ, ರೇಗುತ್ತಾರೆ, ಬೆನ್ನ ಹಿಂದೆ ಟನ್ನಕ್ಕ ಎನ್ನುತ್ತಾರೆ. ಅನ್ನಲಿ. ಸೋರುವ ತನಕ ನಾನು ತೂಕದ ಚೀಟಿ ಹರಿದು ಕೊಡುವುದಿಲ್ಲ. ನೀರಿನ ಭಾರ ಎಂದರೆ ಏನೆಂದು ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಅದೇ ಪಾಂಡಿತ್ಯ ಮುಳುವಾಯಿತು. ಕಾಲಲ್ಲಿ ಗುಂಡಿ ಬಿದ್ದಿದೆ, ಅಂದರೆ ಇದು ನೀರು. ಹೊಟ್ಟೆಗೆ ಹೋಗುತ್ತಿರುವುದೂ ಬರೀ ನೀರು. ಹಾಗಾದರೆ ಮೊದಲು ಪೈಪು ನಿಲ್ಲಿಸಬೇಕು. ಅಕ್ಕ ಡಾಕ್ಟರ ಮಾತು ಕೇಳಲಿಲ್ಲ, ಸತ್ತಳು. ನಾನು ಕೇಳುತ್ತೇನೆ, ಬದುಕುತ್ತೇನೆ. ಆ ಡಾಕ್ಟರು ಹೇಳಿದ್ದು ನನಗಲ್ಲ ಎಂಬುದು ಹೊಳೆಯಲೇ ಇಲ್ಲ.

ಆಸ್ಪತ್ರೆಯವರು ಮೂವತ್ತು ಮಿಲಿಯ ಒಂದು ಪುಟ್ಟ ಪ್ಲಾಸ್ಟಿಕ್ ಕಪ್ಪು ಕೊಟ್ಟಿದ್ದರು. ಕಾಲು ಗಂಟೆಗೊಂದು ಕಪ್ಪು ನೀರು, ಗುಟುಕು ಗುಟುಕಾಗಿ. ಆ ಜವಾಬ್ದಾರಿಯನ್ನು ಅತ್ತೆ ವಹಿಸಿಕೊಂಡರು. ಅಡುಗೆಮನೆಯಲ್ಲಿ ಅಲಾರಂ ಹೊಡೆದೊಡನೆ ಕಪ್ಪು ತಂದು ನನ್ನ ಕುರ್ಚಿಯ ಪಕ್ಕದ ಸ್ಟೂಲಿನ ಮೇಲಿಟ್ಟು, ಮಗಳ ಹಳೇ ಸ್ಲೇಟಿನ ಮೇಲೆ ಒಂದು ಗೀಟು ಎಳೆಯುತ್ತಿದ್ದರು. "ಕುಡಿ. ಆರಿ ಹೋಗೋ ಕಾಫಿಯಲ್ಲ, ನಿಧಾನಕ್ಕೆ ಕುಡಿ" ಎಂದು ಹೇಳಿ ಒಳಗೆ ಹೋಗುತ್ತಿದ್ದರು. ಅವರ ಬೆನ್ನು ಮರೆಯಾದದ್ದೇ ತಡ, ನಾನು ಕಿಟಕಿಯ ಪಕ್ಕದ ಅಗಲ ಎಲೆಯ ಗಿಡದ ಕುಂಡಕ್ಕೆ ಕಪ್ಪನ್ನು ಬಗ್ಗಿಸುತ್ತಿದ್ದೆ. ತೀರಾ ತಡೆಯಲಾಗದಾಗ ಒಂದು ಕಪ್ಪಿನಲ್ಲಿ ನಾಲಿಗೆ ಅದ್ದಿಕೊಳ್ಳುತ್ತಿದ್ದೆ. ಅತ್ತೆಯ ಸ್ಲೇಟಿನಲ್ಲಿ ನಾನು ಮನೆಗೆ ಬಂದ ಗುರುವಾರ ಇಪ್ಪತ್ತು, ಶುಕ್ರವಾರ ನಲವತ್ನಾಲ್ಕು ಗೀಟುಗಳಿದ್ದವು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಒದ್ದೆ ಲಾರಿ ಹಿಡಿಯುವವಳು ಮುದುಕಿಯ ಸ್ಲೇಟಿಗೆ ಮೋಸ ಮಾಡುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ನೂರಿಪ್ಪತ್ತಾರು. ಸಂಜೆಯೂ ನೂರಿಪ್ಪತ್ತಾರು. ಒಂದು ಹನಿ ಒಳಗೆ ಹೋಗದಿದ್ದರೂ ಕಾಲಿನ ಗುಂಡಿ ಹಾಗೇ ಇತ್ತು. ಬೆಳಿಗ್ಗೆ ಕನ್ನಡಿಯಲ್ಲಿ ಕಣ್ಣಿನ ಕೆಳಗೆ ಎರಡು ಚೀಲ ಕಂಡವು. ಅಕ್ಕನೇ ನನ್ನನ್ನು ನೋಡುತ್ತಿದ್ದಾಳೆ ಎನಿಸಿ ಟವೆಲ್ಲನ್ನು ಕನ್ನಡಿಗೆ ಹೊದಿಸಿದೆ. ಉಂಗುರ ಬೆರಳಲ್ಲಿ ಹೂತು ಹೋಗಿತ್ತು. ಬಾಯಿಯ ಪಸೆ ಆರಿ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಮೂತ್ರ ದಿನಕ್ಕೆ ಎರಡೇ ಸಲ, ಅದೂ ಚಹಾದ ಬಣ್ಣದ್ದು. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು, ಸುಮ್ಮನೆ ಕೂತಿದ್ದರೂ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅದನ್ನೆಲ್ಲ ನಾನು ಹೇಗೆ ಓದಿಕೊಂಡೆ ಗೊತ್ತೇ? ಹೃದಯ ಸೋಲುತ್ತಿದೆ, ಅಕ್ಕನಿಗೂ ಹೀಗೇ ಆಗಿತ್ತು, ಇನ್ನೂ ಕಡಿಮೆ ಕುಡಿಯಬೇಕು ಎಂದು.

"ಯಾಕೆ ಬಿಳುಚಿಕೊಂಡಿದ್ದೀಯ?" ಎಂದರು ಗಂಡ.

"ಆಪರೇಷನ್ ಆಗಿರೋರು ಕೆಂಪಗಿರ್ತಾರಾ?" ಎಂದು ಹಾರಿಬಿದ್ದೆ. ಅವರು ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೋದರು.

ನನಗೆ ಆಗುತ್ತಿದ್ದದ್ದು ಸಣ್ಣ ಹೆದರಿಕೆಯಲ್ಲ. ಮಗಳ ಮೊದಲ ಸಂಬಳ ನಾನು ನೋಡುವುದಿಲ್ಲ, ಅವಳು ಮೈನೆರೆದಾಗ ಪಕ್ಕದಲ್ಲಿರುವುದಿಲ್ಲ, ಅವಳ ಜಡೆ ಹೆಣೆಯಲು ಈ ಮನೆಯಲ್ಲಿ ಬರುವುದು ನನಗೊಬ್ಬಳಿಗೇ ಎಂದೆಲ್ಲ ಕುರ್ಚಿಯಲ್ಲಿ ಕೂತು ಯೋಚಿಸಿದೆ. ಅಳು ಬಂತು. ಅತ್ತರೆ ಕಣ್ಣಿಂದಲಾದರೂ ಒಂದಿಷ್ಟು ನೀರು ಹೋದೀತು ಎಂದುಕೊಂಡೆ. ಕಣ್ಣೀರೂ ಬರಲಿಲ್ಲ.

ಶನಿವಾರ ಶಾಲೆ ಅರ್ಧ ದಿನ. ಮಗಳು ಹನ್ನೆರಡೂವರೆಗೆ ಬಂದು, ಬ್ಯಾಗನ್ನು ನನ್ನ ಕುರ್ಚಿಯ ಪಕ್ಕ ಇಳಿಸಿ ಕೋಣೆಗೆ ಹೋದಳು. ನಾನು ಹಾಗೇ ಕಣ್ಣು ಮುಚ್ಚಿದ್ದೆ. ಅತ್ತೆ ಕಪ್ಪು ಇಟ್ಟು ಹೋದದ್ದು ಕೇಳಿಸಿತು. ಎದ್ದು ಕುಂಡಕ್ಕೆ ಬಗ್ಗಿಸಲು ಹೋದಾಗ ಅಂಗಾಲು ಒದ್ದೆಯಾಯಿತು.

ಕುಂಡದ ಕೆಳಗಿನ ತಟ್ಟೆ ತುಂಬಿ ನೀರು ನೆಲಕ್ಕೆ ಹರಿದಿತ್ತು. ಗೋಡೆಯಂಚಿನಲ್ಲಿ ಒಂದು ಮಾರು ದೂರ ಹೋಗಿತ್ತು.

ತಲೆ ಸುತ್ತುತ್ತಿದ್ದರೂ ನನ್ನ ಕಸುಬು ತಲೆಯಲ್ಲಿ ಎದ್ದು ಕೂತಿತು. ಹತ್ತು ಗಂಟೆಗೆ ಅತ್ತೆ ನೆಲ ಒರೆಸಿದ ಮೇಲೆ ನಾನು ಸುರಿದದ್ದು ಒಂಬತ್ತು ಕಪ್ಪು. ಒಂದೊಂದು ಮೂವತ್ತು ಮಿಲಿ. ಎಲ್ಲಾ ಸೇರಿ ಕಾಲು ಲೀಟರಿಗೆ ಚೂರು ಹೆಚ್ಚು. ಅಷ್ಟನ್ನು ಆ ಕುಂಡದ ಮಣ್ಣೇ ಹೀರಬೇಕು. ನೆಲದ ಮೇಲಿರುವುದೇ ಅರ್ಧ ಲೀಟರಿಗೆ ಕಡಿಮೆಯಿಲ್ಲ. ಹೋಗಿದ್ದಕ್ಕೂ ಬಂದಿದ್ದಕ್ಕೂ ತಾಳೆಯಾಗುತ್ತಿಲ್ಲ. ಅಂದರೆ ಈ ಕುಂಡಕ್ಕೆ ಇನ್ನೊಂದು ಲಾರಿ ಬರುತ್ತಿದೆ.

ಮಗಳ ಬ್ಯಾಗು ನೋಡಿದೆ. ಪಕ್ಕದ ಜೇಬಿನಲ್ಲಿ ನೀರಿನ ಬಾಟಲಿ, ಮುಚ್ಚಳ ಸಡಿಲವಾಗಿತ್ತು, ಬಾಟಲಿ ಖಾಲಿ. ಮುಚ್ಚಳದ ಅಂಚಿನಿಂದ ಇನ್ನೂ ಹನಿ ಬೀಳುತ್ತಿತ್ತು.

ಬಚ್ಚಲಿನ ಕಡೆಯಿಂದ ಒಂದು ಸದ್ದು ಬಂತು. ಆ ಸದ್ದು ನನಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ: ತೂಕದ ಮೆಷಿನ್ನನ್ನು ಕಾಲಿನಿಂದ ಎಳೆಯುವ ಸದ್ದು.

ಗೋಡೆ ಹಿಡಿದುಕೊಂಡು ಹೋದೆ. ಬಾಗಿಲು ಅರ್ಧ ತೆರೆದಿತ್ತು. ಮಗಳು ಶಾಲೆಯ ಯೂನಿಫಾರ್ಮಿನಲ್ಲಿ, ಸಾಕ್ಸ್ ಬಿಚ್ಚಿ, ಮೆಷಿನ್ನಿನ ಮೇಲೆ ನಿಂತು ಬಗ್ಗಿ ನೋಡುತ್ತಿದ್ದಳು. ತುಟಿ ಒಡೆದು ಬಿಳಿಯಾಗಿತ್ತು. ನನ್ನನ್ನು ಕಂಡು ಹೆದರಲಿಲ್ಲ, ನಕ್ಕಳು.

"ಅಮ್ಮ, ಒಂದೂಕಾಲು ಕಿಲೋ ಇಳಿದಿದೆ" ಎಂದಳು. "ನೀನು ಮಾಡ್ತಿರೋದನ್ನ ನಾನು ನೋಡಿದೆ. ಅಜ್ಜಿಗೆ ಹೇಳಲ್ಲ. ನಾನೂ ಎರಡು ದಿನದಿಂದ ಅದನ್ನೇ ಮಾಡ್ತಿದ್ದೀನಿ."

"ಯಾಕೆ?" ಎಂದೆ.

"ಈಗಲೇ ಇಳಿಸ್ಕೊಂಡ್ರೆ ಆಮೇಲೆ ನಿನ್ನ ಥರ ಹೊಟ್ಟೆ ಕೊಯ್ಸ್ಕೊಳ್ಳೋದು ಬೇಡ ಅಲ್ವಾ? ದೊಡ್ಡಮ್ಮನ ಥರ ಆಗೋದೂ ಬೇಡ."

ಅಲ್ಲಿಯವರೆಗೆ ಹೆದರಿದ್ದೆನಲ್ಲ, ಅದು ಯಾವ ಲೆಕ್ಕದ್ದೂ ಅಲ್ಲ. ಅಕ್ಕನಿಂದ ನನಗೆ, ನನ್ನಿಂದ ಇವಳಿಗೆ ಮೈಯೊಂದೇ ಬಂದಿದೆ ಎಂದುಕೊಂಡಿದ್ದೆ. ಈ ಹೆದರಿಕೆಯನ್ನು ನಾನೇ ಕಪ್ಪು ಕಪ್ಪಾಗಿ ಅವಳೊಳಗೆ ಬಗ್ಗಿಸಿದ್ದೆ. ಇಳಿಯೇ ಕೆಳಗೆ ಎನ್ನಲು ಬಾಯಿ ತೆರೆದೆ. ಬಚ್ಚಲಿನ ಟೈಲ್ಸು ಬಾಗಿದಂತೆ ಕಂಡಿತು. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಕುಸಿದೆ.

"ಅಜ್ಜೀ" ಎಂದು ಮಗಳು ಕಿರುಚಿದ್ದು ಕೇಳಿಸಿತು. ಅತ್ತೆ ಓಡಿ ಬಂದು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಅತ್ತೆ, ನಾನು ನೀರು ಕುಡೀತಿಲ್ಲ" ಎಂದೆ. "ಎಲ್ಲಾ ಕುಂಡಕ್ಕೆ ಹಾಕಿದ್ದೀನಿ. ಗುರುವಾರದಿಂದ. ಅವಳೂ ಕುಡೀತಿಲ್ಲ. ಮೊದಲು ಅವಳಿಗೆ ಕುಡಿಸಿ."

ಅತ್ತೆ ಬೈಯಲಿಲ್ಲ. ನನ್ನ ಮದುವೆಯಾದಾಗಿನಿಂದ ಅವರು ಬೈಯದೇ ಇದ್ದ ಅಪರೂಪದ ಸಂದರ್ಭ ಅದು, ಅದಕ್ಕೇ ನನಗೆ ಇನ್ನಷ್ಟು ಭಯವಾಯಿತು. ಮಗನಿಗೆ ಫೋನ್ ಮಾಡಿದರು, ಟ್ಯಾಕ್ಸಿ ತರಿಸಿದರು, ದಾರಿಯುದ್ದಕ್ಕೂ ಒಂದು ಕೈಯಲ್ಲಿ ನನ್ನ ಮಣಿಕಟ್ಟು, ಇನ್ನೊಂದರಲ್ಲಿ ಮೊಮ್ಮಗಳ ಮಣಿಕಟ್ಟು ಹಿಡಿದು ಕೂತಿದ್ದರು.

ಆಸ್ಪತ್ರೆಯಲ್ಲಿ ಅದೇ ನರ್ಸಮ್ಮ. ರಕ್ತ ತೆಗೆದರು, ಎದೆಗೆ ವೈರು ಅಂಟಿಸಿ ಹೃದಯ ನೋಡಿದರು, ಎರಡೂ ಮೀನಖಂಡ ಒತ್ತಿ ನೋವಿದೆಯಾ ಎಂದು ಕೇಳಿದರು. ಒಂದೇ ಕಾಲು ಊದಿ ನೋವಿದ್ದಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರುವ ಅನುಮಾನ ಬರುತ್ತಿತ್ತಂತೆ. ಆಮೇಲೆ ಡ್ರಿಪ್ಪಿನ ಬಾಟಲಿ ತಂದರು. ಅದನ್ನು ಕಂಡು ನಾನು ಕೈಯನ್ನು ಬೆನ್ನ ಹಿಂದೆ ಸೇರಿಸಿದೆ.

"ಬೇಡ ಸಿಸ್ಟರ್. ಇನ್ನೂ ಊದ್ತೀನಿ. ನಮ್ಮಕ್ಕ ಹೀಗೇ ನೀರು ತುಂಬ್ಕೊಂಡೇ ಸತ್ತಿದ್ದು."

ನರ್ಸಮ್ಮ ಬಾಟಲಿಯನ್ನು ಕೊಕ್ಕೆಗೆ ಸಿಕ್ಕಿಸಿ, ಹಾಸಿಗೆಯ ಅಂಚಿನಲ್ಲಿ ಕೂತರು. "ಮೆಷಿನ್ ಹತ್ತಿದ್ರಾ?"

"ಹತ್ತಿದೆ."

"ನಿಮ್ಮಂಥೋರಿಗೆ ಬೀಗ ಹಾಕಿ ಕಳಿಸ್ಬೇಕು. ನೋಡಿ, ಆಪರೇಷನ್ ಟೈಮಲ್ಲಿ ಇದೇ ಥರ ಬಾಟಲಿಗಳಲ್ಲಿ ನಿಮಗೆ ಲೀಟರ್‌ಗಟ್ಟಲೆ ಕೊಟ್ಟಿದ್ವಿ. ಗಾಯ ಆದ ಮೈ ಅದನ್ನ ಒಂದಷ್ಟು ದಿನ ಹಿಡಿದಿಟ್ಕೊಳ್ಳುತ್ತೆ. ಆ ಐದು ಕಿಲೋ ಅದೇ. ಕೊಬ್ಬಲ್ಲ, ಹೃದಯದ್ದೂ ಅಲ್ಲ. ನಿಮ್ಮ ಹೃದಯ ಆವಾಗಲೂ ನೋಡಿದ್ವಿ, ಈಗಲೂ ನೋಡಿದ್ವಿ, ಚೆನ್ನಾಗಿದೆ. ಎದೆ ಹೊಡ್ಕೋತಿರೋದು ನೀರಿಲ್ಲದೆ. ಇನ್ನೊಂದು ದಿನ ಹೀಗೇ ಮಾಡಿದ್ರೆ ಕಿಡ್ನಿ ಹೋಗ್ತಿತ್ತು."

"ಮತ್ತೆ ಈ ನೀರು ಹೋಗೋದು ಯಾವಾಗ?"

"ವಾರ, ಹತ್ತು ದಿನ. ಕೆಲವರಿಗೆ ಇನ್ನೂ ಸ್ವಲ್ಪ. ನೀವು ಕುಡೀತಾ ಇರಬೇಕು, ನಡೀತಾ ಇರಬೇಕು, ಕಾಯಬೇಕು. ಅಷ್ಟೇ."

ಸೋರಲಿ, ಆಮೇಲೆ ಬಾ. ಹದಿನೇಳು ವರ್ಷ ನಾನೇ ಹೇಳಿದ ಮಾತು. ಗೋಡೆಯ ಪಕ್ಕ ಎಷ್ಟು ಡ್ರೈವರುಗಳನ್ನು ಗಂಟೆಗಟ್ಟಲೆ ಕಾಯಿಸಿದ್ದೇನೆ. ನನಗೆ ಎರಡು ದಿನ ಕಾಯಲಾಗಲಿಲ್ಲ. ಕೈ ಮುಂದೆ ಚಾಚಿದೆ.

ಸೂಜಿ ಚುಚ್ಚಿ ನರ್ಸಮ್ಮ ಹೋದ ಮೇಲೆ ಅತ್ತೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ನನ್ನ ಬಾಯಿಗೆ ಹೆದರಿ ಹೇಳ್ಲಿಲ್ಲ. ಅಲ್ವಾ?"

ನಾನು ಡ್ರಿಪ್ಪಿನ ಹನಿಗಳನ್ನು ಎಣಿಸತೊಡಗಿದೆ.

"ನಿಮ್ಮಕ್ಕ ಹೋದಾಗ ನಿನ್ನ ಮುಖ ನೋಡಿದ್ದೆ. ಅಷ್ಟು ದೊಡ್ಡ ಆಪರೇಷನ್ನಲ್ಲಿ ಏನಾದ್ರೂ ಹೆಚ್ಚು ಕಡಿಮೆ ಆದ್ರೆ ಈ ಮಗು ಗತಿ ಏನು ಅಂತ ಬೇಡ ಅಂದೆ. ನನಗೂ ಹೆದರಿಕೇನೇ ಕಣೆ. ಹೆದರಿಕೆ ಆಗುತ್ತೆ ಅಂತ ಹೇಳಕ್ಕೆ ಬರಲ್ಲ ನನಗೆ, ಬೈಯಕ್ಕೆ ಬರುತ್ತೆ." ಸೆರಗಿನಿಂದ ಮೂಗು ಒರೆಸಿಕೊಂಡರು. "ಆದ್ರೆ ನನ್ನ ಸ್ಲೇಟಿಗೆ ಮೋಸ ಮಾಡಿದ್ದು ಮರೆಯಲ್ಲ."

ಸಂಜೆ ಐದಕ್ಕೆ ಡ್ರಿಪ್ ಮುಗಿಯಿತು. ಎದೆ ಒಂದು ಹದಕ್ಕೆ ಬಂದಿತ್ತು. ಮಗಳನ್ನೂ ನೋಡಿ, ಕುಡಿದರೆ ಸರಿಹೋಗುತ್ತಾಳೆ ಎಂದಿದ್ದರು. ವಾರ್ಡಿನ ಮೂಲೆಯಲ್ಲಿ ನಿಲ್ಲುವ ತೂಕದ ಮೆಷಿನ್ ಇತ್ತು. ಡಾಕ್ಟರ ಹಾಳೆಗೆ ಬರೆಯಲೆಂದು ನರ್ಸಮ್ಮ ನನ್ನನ್ನು ಅದರ ಮೇಲೆ ಹತ್ತಿಸಿದರು. "ಇಲ್ಲಿ ನೋಡೋದು ನನ್ನ ಕೆಲಸ. ನೀವು ಗೋಡೆ ನೋಡಿ" ಎಂದರು. ನೋಡದೆ ಇರುವುದು ನನ್ನಿಂದಾಗುವ ಕೆಲಸವೇ? ನೂರಿಪ್ಪತ್ತಾರು ಪಾಯಿಂಟ್ ಒಂಬತ್ತು. ಹೊಟ್ಟೆಯೊಳಗೆ ಉಳಿದ ಕಾಲು ಪಾಲೂ ಮುದುಡಿಕೊಂಡಿತು.

ಹಾಸಿಗೆಗೆ ಬಂದಾಗ ಮಗಳು ಕಾದು ಕೂತಿದ್ದಳು. "ಎಷ್ಟು ಬಂತು ಅಮ್ಮ?"

ನಾನು ಯಾರಿಗೂ ಸುಳ್ಳು ತೂಕ ಹೇಳಿದವಳಲ್ಲ. ಅವಳ ಒಡೆದ ತುಟಿ ನೋಡಿದೆ. ನೂರಿಪ್ಪತ್ತು ಎಂದುಬಿಡೋಣ ಎನಿಸಿತು. "ನೂರಿಪ್ಪತ್ತಾರು ಪಾಯಿಂಟ್ ಒಂಬತ್ತು" ಎಂದೆ.

"ಏರಿದೆ."

"ಹೌದು, ಏರಿದೆ."

"ಅದರಲ್ಲಿ ನೀರೆಷ್ಟು, ನೀನೆಷ್ಟು?"

"ಈಗ ಗೊತ್ತಾಗಲ್ಲ. ಸೋರಿದ ಮೇಲೆ ತೂಗಬೇಕು."

"ಸೋರದೇ ಇದ್ರೆ?"

ಗುಂಡು ಎಂದು ಕರೆಯಲು ಬಾಯಿ ತೆರೆದೆ, ಆ ಹೆಸರು ಬರಲಿಲ್ಲ. "ನಂಗೂ ಹೆದರಿಕೆ ಆಗ್ತಿದೆ ಮಗಳೇ" ಎಂದೆ. "ಆದ್ರೂ ಕುಡೀತೀನಿ. ನೀನೂ ಕುಡಿ."

ಮೂವತ್ತು ಮಿಲಿಯ ಕಪ್ಪನ್ನು ಅವಳೇ ಗೆರೆಯವರೆಗೆ ತುಂಬಿಸಿ ನನ್ನ ಕೈಗೆ ಕೊಟ್ಟಳು. ನಾಲ್ಕು ಗುಟುಕಿಗೆ ಕುಡಿದೆ. ಪ್ರತಿ ಗುಟುಕಿಗೂ ಕಾಲು ಇನ್ನಷ್ಟು ಭಾರವಾಗುತ್ತಿದೆ ಎನಿಸಿತು, ಆದರೆ ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು. ಕಪ್ಪು ಖಾಲಿ ಮಾಡಿ ಅವಳಿಗೆ ಕೊಟ್ಟೆ. ಮತ್ತೆ ಗೆರೆಯವರೆಗೆ ತುಂಬಿಸಿಕೊಂಡಳು. ಒಂದು ಗಳಿಗೆ ಕಿಟಕಿಯ ಕಡೆ ನೋಡಿದಳು, ಅಲ್ಲಿ ಕುಂಡವಿರಲಿಲ್ಲ. ಕುಡಿದಳು.

"ಬಾಯಿ ತೆಗೀರಿ" ಎಂದರು ಅತ್ತೆ. "ಇಬ್ಬರೂ."

ಇಬ್ಬರೂ ಬಾಯಿ ತೆರೆದೆವು. ಅತ್ತೆ ಕನ್ನಡಕ ಸರಿಮಾಡಿಕೊಂಡು, ಒಬ್ಬೊಬ್ಬರ ಗಲ್ಲ ಹಿಡಿದು ಒಳಗೆ ನೋಡಿದರು. ಆಮೇಲೆ ಹಳೇ ಡಿಸ್ಚಾರ್ಜ್ ಚೀಟಿಯನ್ನು ಮಗುಚಿ, ಅದರ ಹಿಂದೆ ಪೆನ್ನಿನಿಂದ ಎರಡು ಗೀಟು ಎಳೆದರು.